ಅಂಬಿಗನ ಮಾತು, ಪರನಾಡಿನ ನೀರು

ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿ ಸೀಮೆಗೆ ಹರಿಯುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಈ ದಂಡೆಗಳ ಜನರಿಗೆ ಹರಿಗೋಲು, ದೋಣಿಗಳೇ ಆಸರೆಯಾಗಿದ್ದವು. ಹೊಳೆಗಿಳಿದ ಮೇಲೆ ಗೌಡರಾಗಲಿ, ಕೂಲಿಯವರಾಗಲಿ, ಅಂಬಿಗ ತೋರಿಸಿದಲ್ಲಿ ಕುಳಿತುಕೊಳ್ಳಬೇಕು. ನಡುಹೊಳೆಯಲ್ಲಿ ಎದ್ದು ನಿಲ್ಲಕೂಡದು. ಒಬ್ಬನ ಉದ್ಧಟತನಕ್ಕೆ ಎಲ್ಲರೂ ಮುಳುಗಬೇಕಾದೀತೆಂಬ ಅರಿವೇ ಅಲ್ಲಿ ಕಾನೂನು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರದು ಇದೇ ಕಾಯಕವೆಂಬುದನ್ನು ನೆನೆದಾಗ, ಹುಟ್ಟು ಹಿಡಿದ ಕೈಯ ಬಗ್ಗೆ ನಮ್ಮ ಗೌರವ ಇಮ್ಮಡಿಸುತ್ತದೆ.

ಇಂದು ನಮ್ಮ ಸೀಮೆಯ ಮಕ್ಕಳು ಕೆನಡಾ, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ರಜೆ ಬಂತೆಂದರೆ ಸರೋವರಕ್ಕೆ ಹೋಗಿ ಯಂತ್ರದೋಣಿಯನ್ನು ಬಾಡಿಗೆಗೆ ಪಡೆಯುವುದು ಅಲ್ಲಿ ಸಾಮಾನ್ಯ. ನಮ್ಮ ಬಂಧುಗಳ ಮಗನೊಬ್ಬನು ದೂರವಾಣಿಯಲ್ಲಿ, “ಕಾಕಾ, ಕಾರು ಓಡಿಸುವವನಿಗೆ ದೋಣಿ ಏನು ದೊಡ್ಡದ್ರಿ?” ಎಂದು ನಕ್ಕನು. ಆ ನಗು ನಮ್ಮನ್ನು ಚಿಂತೆಗೀಡುಮಾಡಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ರಸ್ತೆಗಳಲ್ಲಿ ಎದುರಿನಿಂದ ವಾಹನ ಬಂದರೆ ನಾವು ಎಡಕ್ಕೆ ಸರಿಯುತ್ತೇವೆ. ನೀರಿನ ಮೇಲೆ ಹಾಗಲ್ಲ. ಸಮುದ್ರದಲ್ಲಿ ಡಿಕ್ಕಿ ತಡೆಯಲೆಂದು ೧೯೭೨ರಲ್ಲಿ ರಚಿತವಾದ ಅಂತರರಾಷ್ಟ್ರೀಯ ನಿಯಮಗಳಂತೆ, ಎದುರುಬದುರಾದ ಎರಡು ಯಂತ್ರದೋಣಿಗಳೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಅಡ್ಡಹಾಯುವಾಗ ಬಲಗಡೆಯಿಂದ ಬರುವ ದೋಣಿಗೆ ದಾರಿ ಬಿಡಬೇಕು. ರಾತ್ರಿ ದೋಣಿಯ ಎಡಬದಿಗೆ ಕೆಂಪು, ಬಲಬದಿಗೆ ಹಸಿರು ದೀಪ. ಗಾಬರಿಯಲ್ಲಿ ಊರಿನ ರೂಢಿಯಂತೆ ಎಡಕ್ಕೆ ತಿರುಗಿಸಿದರೆ ಅನಾಹುತವೇ ಸರಿ.

ಕೆನಡಾದಲ್ಲಿ ಯಂತ್ರದೋಣಿ ನಡೆಸಲು ಅರ್ಹತಾಪತ್ರ ಬೇಕು. ಬಾಡಿಗೆಯ ದೋಣಿಯಾದರೆ ಸುರಕ್ಷತೆಯ ಪಟ್ಟಿಯನ್ನು ತಿಳಿದುಕೊಂಡು ಸಹಿ ಮಾಡುವ ಅವಕಾಶವೂ ಉಂಟು. ಓದದೆ ಸಹಿ ಹಾಕುವುದು ತರವಲ್ಲ. ಕುಡಿದು ದೋಣಿ ನಡೆಸುವುದು ಅಲ್ಲಿ ದಂಡನೀಯ ಅಪರಾಧ. ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅಳತೆಗೆ ತಕ್ಕ ಜೀವರಕ್ಷಕ ಅಂಗಿ ಇರಲೇಬೇಕು. ಅದು ಮೂಲೆಯಲ್ಲಿದ್ದರೆ ಸಾಲದು, ಮೈಮೇಲಿರಬೇಕು. ಏಕೆಂದರೆ ಭೀಮೆಯಲ್ಲಿ ಈಜು ಕಲಿತವನ ಕೈಕಾಲುಗಳೂ ಆ ನಾಡಿನ ಕೊರೆಯುವ ನೀರಿನಲ್ಲಿ ಬೇಗ ಸೋಲುತ್ತವೆ.

ಕಾನೂನಿನಷ್ಟೇ ಸೌಜನ್ಯವೂ ಮುಖ್ಯ. ದಂಡೆಯ ಬಳಿ, ಈಜುವವರ ಬಳಿ, ಚಿಕ್ಕ ದೋಣಿಗಳ ಬಳಿ ವೇಗ ತಗ್ಗಿಸಬೇಕು. ನಮ್ಮ ದೋಣಿ ಎಬ್ಬಿಸಿದ ಅಲೆಯು ಇನ್ನೊಬ್ಬರ ದೋಣಿಯನ್ನು ಬುಡಮೇಲು ಮಾಡಿದರೆ ಅದರ ಹೊಣೆ ನಮ್ಮದೇ. ದಯೆಯೇ ಧರ್ಮದ ಮೂಲವೆಂದು ನಂಬಿದ ನಮಗೆ ಇದನ್ನು ಬೇರೆಯಾಗಿ ಹೇಳಬೇಕಿಲ್ಲ.

೨೦೨೦ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳು ಜಲಾವೃತವಾದವು. ನೀರಿನ ಬಲವೆಷ್ಟೆಂಬುದು ನಮಗೆ ಹೊಸತಲ್ಲ. ಆದುದರಿಂದ ತಂದೆತಾಯಿಗಳು ಪರದೇಶದ ಮಕ್ಕಳಿಗೆ ಊಟ, ಉಡುಗೆ, ಪೂಜೆಗಳ ಬಗ್ಗೆ ವಿಚಾರಿಸುವಾಗ ಈ ನಾಲ್ಕು ಮಾತುಗಳನ್ನೂ ಸೇರಿಸಲಿ. ಯಾವ ನಾಡಿನ ನೀರಿಗಿಳಿದರೂ ಅಲ್ಲಿನ ಅಂಬಿಗನ ಮಾತಿಗೆ ತಲೆಬಾಗುವುದು ವಿನಯ. ಆ ವಿನಯವೇ ಮಕ್ಕಳನ್ನು ಸುಖವಾಗಿ ದಡ ಸೇರಿಸೀತು.