ಪಣಜಿಯ ಕೇಕ್ ಅಂಗಡಿ, ನಮ್ಮ ಮನೆಯ ಪಡಸಾಲೆ

ಗೋವಾಕ್ಕೆ ಹೋಗಿ ಬಂದವರು ಸಮುದ್ರದ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲಿ ಇರುವುದೆಲ್ಲ ಗೋಡೆ, ಹಂಚು, ಕಿಟಕಿ. ಚೋರ್ಲಾ ಘಾಟ್ ಇಳಿದು ನಾನು ಪಣಜಿಗೆ ಹೋಗಿದ್ದು ಅಲ್ಲಿ ದುಡಿಯುವ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಕಟ್ಟಡ ಕಾರ್ಮಿಕರ ಬಗ್ಗೆ ಬರೆಯಲು. ಆ ವರದಿ ಪತ್ರಿಕೆಗೆ ಹೋಯಿತು. ಅದರಲ್ಲಿ ಜಾಗ ಸಿಗದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಣಜಿ ಬಸ್ ನಿಲ್ದಾಣದಿಂದ ಹಳ್ಳ ದಾಟಿ ಸ್ವಲ್ಪ ನಡೆದರೆ ಫೊಂಟೈನ್ಹಾಸ್ ಎಂಬ ಹಳೆಯ ಓಣಿ ಸಿಗುತ್ತದೆ. ಒಂದು ಕಾಲಕ್ಕೆ ತೆಂಗಿನ ತೋಟವಾಗಿದ್ದ ಜಾಗ. 1843ರಲ್ಲಿ ಪೋರ್ಚುಗೀಸರ ರಾಜಧಾನಿಯಾದ ಮೇಲೆ ಪಣಜಿ ಬೆಳೆಯಿತು, ಈ ಓಣಿಯೂ ತುಂಬಿಕೊಂಡಿತು. ಹಳದಿ, ನೀಲಿ, ಕೆಂಪು ಬಣ್ಣದ ಮನೆಗಳು ಒಂದಕ್ಕೊಂದು ಹೆಗಲು ತಾಗಿಸಿ ನಿಂತಿವೆ. ಗೋಡೆ ಕೆಂಪು ಜಂಬಿಟ್ಟಿಗೆ ಕಲ್ಲಿನದು, ನಮ್ಮ ಖಾನಾಪುರದ ಕಡೆ ಸಿಗುವಂಥದ್ದೇ. ಅದರ ಮೇಲೆ ಸುಣ್ಣದ ಗಾರೆ, ಸೂರಿಗೆ ಮಂಗಳೂರು ಹಂಚು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಕರಾವಳಿಯುದ್ದಕ್ಕೂ ಇದೇ ಹಂಚು ಹಬ್ಬಿತು. ಫೋಟೊ ತೆಗೆಯುವವರ ಕಾಟಕ್ಕೆ ಬೇಸತ್ತು ಕೆಲವು ಮನೆಯವರು ಬಾಗಿಲಿಗೆ ಬೋರ್ಡ್ ಹಾಕಿದ್ದಾರೆ. ಮದುವೆಗೆ ಮುಂಚಿನ ಶೂಟಿಂಗಿಗೆ ಬಂದ ಜೋಡಿಗಳು ಕಂಡವರ ಮೆಟ್ಟಿಲ ಮೇಲೇ ಕೂತುಬಿಡುತ್ತಾರೆ. ಬೋರ್ಡ್ ಹಾಕಿದ್ದು ಸರಿಯೇ ಅನಿಸಿತು.

ಇಲ್ಲಿಯ 31 ಜನವರಿ ರಸ್ತೆಯಲ್ಲಿ ಅದೇ ಹೆಸರಿನ ಸಣ್ಣ ಬೇಕರಿ ಇದೆ: ಕೊನ್ಫೈತಾರಿಯಾ 31 ದ ಜನೈರೊ. ಕೊನ್ಫೈತಾರಿಯಾ ಅಂದರೆ ಪೋರ್ಚುಗೀಸ್ ಭಾಷೆಯಲ್ಲಿ ಸಿಹಿತಿಂಡಿ ಅಂಗಡಿ. 1930ರ ದಶಕದಿಂದ ನಡೆದು ಬಂದಿದೆ, ಮನೆಯವರೇ ನೋಡಿಕೊಳ್ಳುತ್ತಾರೆ. ಹೊರಗಿನಿಂದ ನೋಡಿದರೆ ದೊಡ್ಡದೇನಲ್ಲ. ಇಂಥ ಗೋವಾ ಬೇಕರಿಗಳಲ್ಲಿ ಬಾತ್ ಎಂಬ ಕೇಕ್ ಸಿಗುತ್ತದೆ. ಹೆಸರು ಕೇಳಿದರೆ ನಮಗೆ ಅನ್ನ ನೆನಪಾಗುತ್ತದೆ, ಆದರೆ ಅದು ರವೆ, ತೆಂಗಿನಕಾಯಿಯದು. ನಮ್ಮ ಕರ್ಚಿಕಾಯಿಯ ಅಣ್ಣತಮ್ಮನಂತಿರುವ ನೆವ್ರಿ ಕ್ರಿಸ್‌ಮಸ್‌ಗೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಹೆಸರು ಬೆಬಿಂಕಾದ್ದು.

ಬೆಬಿಂಕಾಕ್ಕೆ ಬೇಕಾದದ್ದು ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ, ತುಪ್ಪ, ಚೂರು ಜಾಯಿಕಾಯಿ. ಮಾಡುವುದು ಮಾತ್ರ ತಾಳ್ಮೆಯ ಕೆಲಸ. ತೆಳ್ಳಗೆ ಒಂದು ಪದರ ಹುಯ್ದು, ಮೇಲಿನಿಂದ ಕಾವು ಕೊಟ್ಟು ಕೆಂಪಗೆ ಬೇಯಿಸಬೇಕು. ಹಿಂದೆ ಮುಚ್ಚಳದ ಮೇಲೆ ಕೆಂಡ ಇಡುತ್ತಿದ್ದರು. ಅದು ಬೆಂದ ಮೇಲೆ ತುಪ್ಪ ಸವರಿ ಇನ್ನೊಂದು ಪದರ. ಹೀಗೆ ಸಾಮಾನ್ಯವಾಗಿ 7. ಅವಸರ ಮಾಡಿದರೆ ಪದರ ಒಂದರೊಳಗೊಂದು ಕೂಡಿ ಬರೀ ಗಟ್ಟಿ ಮುದ್ದೆಯಾಗುತ್ತದೆ. ಒಂದು ಬೆಬಿಂಕಾಕ್ಕೆ ಗಂಟೆಗಟ್ಟಲೆ ಒಲೆಯ ಮುಂದೆ ಯಾರಾದರೂ ಇರಲೇಬೇಕು. 2023ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಇಂಥ ಮನೆ ಯಾಕೆ ಉಳಿಯುತ್ತದೆ, ಪಕ್ಕದ್ದು ಯಾಕೆ ಬೀಳುತ್ತದೆ? ಓಣಿಯಲ್ಲಿ ಬೀಗ ಹಾಕಿದ, ಮಾಡಿನ ಮೇಲೆ ಅತ್ತಿ ಗಿಡ ಎದ್ದ ಮನೆಗಳೂ ಇವೆ. ಗೋವಾದ ಆಸ್ತಿ ಕಾನೂನಿಗೆ ಮೂಲ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ. ಗಂಡಿರಲಿ ಹೆಣ್ಣಿರಲಿ, ಮಕ್ಕಳಿಗೆ ಸಮಪಾಲು. ನ್ಯಾಯವಾದ ಕಾನೂನೇ. ಆದರೆ ಎರಡು ಮೂರು ತಲೆಮಾರು ವಾಟ್ನಿ ಆಗದೆ ಉಳಿದರೆ ಪಾಲುದಾರರು ಮುಂಬೈ, ಲಿಸ್ಬನ್, ದುಬೈ ಅಂತ ಹಂಚಿಹೋಗಿರುತ್ತಾರೆ. ಒಡೆದ ಹಂಚು ಬದಲಿಸಲಿಕ್ಕೂ ಯಾರನ್ನು ಕೇಳಬೇಕು? ಅಂಗಡಿ ಇರುವ ಮನೆಯಲ್ಲಿ ಬೆಳಿಗ್ಗೆ ಯಾರೋ ಬಾಗಿಲು ತೆಗೆಯುತ್ತಾರೆ. ಸೋರಿದ್ದು ಅವತ್ತೇ ಕಾಣುತ್ತದೆ. ಗಲ್ಲೆಯಲ್ಲಿ ನಾಲ್ಕು ಕಾಸೂ ಇರುತ್ತದೆ.

ನಾನು ಹುಡುಕಿಕೊಂಡು ಹೋಗಿದ್ದ ಗೌಂಡಿ ಮುದ್ದೇಬಿಹಾಳ ಕಡೆಯವರು, ಐವತ್ತು ದಾಟಿದವರು. ಹತ್ತಿರದ ಒಂದು ಹಳೆಯ ಮನೆಗೆ ಸುಣ್ಣದ ಗಾರೆ ಹಚ್ಚುತ್ತಿದ್ದರು. "ಸಿಮೆಂಟ್ ಬಡದ್ರ ಎರಡು ಮಳಿಗಾಲ ಚಂದ ಕಾಣ್ತೈತ್ರಿ," ಅಂದರು. "ಆಮ್ಯಾಲ ಕಲ್ಲಿನಾಗಿನ ಹಸಿ ಹೊರಗ ಬರಾಕ ಹಾದಿ ಸಿಗಂಗಿಲ್ಲ. ಒಳಗೊಳಗ ಪುಡಿ ಆಗ್ತೈತಿ. ಸುಣ್ಣಾದ್ರ ಉಸುರು ಬಿಡ್ತೈತಿ." ಈ ಕೆಲಸ ಕಲಿತದ್ದು ಗೋವಾದಲ್ಲೇ, ಒಬ್ಬ ಮುದುಕ ಮೇಸ್ತ್ರಿಯ ಕೈಕೆಳಗೆ.

ಊರಿನ ಮನೆ ಹೇಗಿದೆ ಎಂದು ಕೇಳಿದೆ. ಮಣ್ಣಿನ ಮಾಳಿಗೆ ಮನೆ. ವರ್ಷಕ್ಕೊಮ್ಮೆ ಮೇಲುಮುದ್ದೆಗೆ ಮಣ್ಣು ಹಾಕಬೇಕು. ತಂದೆ-ತಾಯಿ ಹೋದ ಮೇಲೆ ಬೀಗ ಬಿತ್ತು, ಆಮೇಲೆ ಒಂದು ಮಳೆಗಾಲದಲ್ಲಿ ಮಾಳಿಗೆಯೇ ಬಿತ್ತು. "ಒಲಿ ಹಚ್ಚೋರು ಇರಲಿಲ್ಲರಿ," ಅಂದು ಮತ್ತೆ ಕರಣೆ ಹಿಡಿದರು. ವರದಿಯಲ್ಲಿ ಜಾಗ ಸಿಗದೆ ಹೋದ ಮಾತು ಇದೇ.

ಇದನ್ನು ಬರೆಯುವ ಅವಸರಕ್ಕೆ ನಮ್ಮ ಮನೆಯದೂ ಒಂದು ಕಾರಣ ಇದೆ. ಖಾನಾಪುರದ ಪೇಟೆಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮನೆ, ಸಾಗವಾನಿ ಕಂಬದ ಪಡಸಾಲೆ, ಮೂವರು ಪಾಲುದಾರರು. ಕೆಡವಿ ಮಳಿಗೆ ಕಟ್ಟಿಕೊಡುತ್ತೇನೆ ಎಂದು ಗುತ್ತಿಗೆದಾರರೊಬ್ಬರು ಕಾಕಾನ ಹಿಂದೆ ಬಿದ್ದಿದ್ದಾರೆ. ಕಾಕಾನ ಲೆಕ್ಕವನ್ನು ನಾನು ತಪ್ಪು ಅನ್ನಲಾರೆ. ಮಗಳ ಮದುವೆ ಇದೆ, ಮಳಿಗೆ ಬಾಡಿಗೆ ತಿಂಗಳು ತಿಂಗಳು ಬರುತ್ತದೆ, ಹಳೆಯ ಮನೆ ಬರೀ ತಿನ್ನುತ್ತದೆ. ಪಣಜಿಗೆ ಬರುವ ಪ್ರವಾಸಿಗರು ಖಾನಾಪುರ ಪೇಟೆಗೆ ಬರುವುದಿಲ್ಲ ಎಂಬುದೂ ನಿಜ.

ಆದರೆ ನಮ್ಮ ವಹಿನಿ ನಾಲ್ಕು ವರ್ಷದಿಂದ ಅಡುಗೆ ಮನೆಯಲ್ಲೇ ಚಕ್ಕುಲಿ, ಶೇಂಗಾ ಹೋಳಿಗೆ, ಕರ್ಚಿಕಾಯಿ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ಸಿಗುವ ಲಾಭದಲ್ಲಿ ದೊಡ್ಡ ಪಾಲು ಅಂಗಡಿಯವರದು. ಬೀದಿಗೆ ಮುಖ ಮಾಡಿದ ಪಡಸಾಲೆ ಖಾಲಿ, ಅದರಲ್ಲಿ ಹಳೆಯ ಸೈಕಲ್, ಒಡೆದ ತೊಟ್ಟಿಲು. ಊರಿಗೆ ಬಂದವನೇ ಬೆಬಿಂಕಾದ ಪೊಟ್ಟಣ ಬಿಚ್ಚಿ, ಗೌಂಡಿಯ ಗೋಡೆಯ ಫೋಟೊ ತೋರಿಸಿ, ಪಡಸಾಲೆಯ ಮಾತು ತೆಗೆದೆ. ವಹಿನಿ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಇಷ್ಟು ಪದರಾ ಮಾಡೂದಕ್ಕಿಂತ ನಮ್ಮ ಹೋಳಿಗಿನ ಸಸಾರ," ಅಂದರು. ಕಾಕಾ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಕೇಳಿದ್ದು ಒಂದೇ: ಪಡಸಾಲೆಗೆ ತಿಂಗಳಿಗೆ ಎಷ್ಟು ಬಾಡಿಗೆ ಕೊಡ್ತೀರಿ?

ವಹಿನಿ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಾರೆ. ಮಳೆಗೆ ಇನ್ನು ಆರು ವಾರ. ಯಾವ ನಿರ್ಧಾರ ಆದರೂ ಅಷ್ಟರೊಳಗೆ ಹಂಚು ಕೈಯಾಡಿಸಲೇಬೇಕು. ಆಳು ಹೇಳಿದ್ದೇನೆ, ಸೋಮವಾರ ಬರುತ್ತಾರೆ.