ಮದ್ದು

ದೌಂಡ ಜಂಕ್ಷನ್ನಿನ ರೈಲ್ವೆ ವಸತಿಗೃಹಕ್ಕೆ ನಾವು ಬಂದ ಮೂರನೆಯ ವರ್ಷ ಒಂದು ಕಪ್ಪು ಬೀದಿನಾಯಿ ನಮ್ಮ ಅಂಗಳವನ್ನು ತನ್ನದೆಂದು ತೀರ್ಮಾನಿಸಿತು. ಮಗಳು ಕರಿಯ ಎಂದು ಹೆಸರಿಟ್ಟಳು. ನೆರೆಯವರು ಮರಾಠಿಯಲ್ಲಿ ಕರೆದರೆ ಅದು ಕಿವಿ ನಿಮಿರಿಸುತ್ತಿತ್ತು. ಕನ್ನಡದಲ್ಲಿ ಕರೆದರೆ ಎದ್ದು ಬರುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅದರ ಹಿಂಗಾಲಿನ ಗಾಯ ಕೀವುಗಟ್ಟಿತು. ಪಶುವೈದ್ಯರು ಸಲ್ಫಾ ಬೆರೆತ ಗುಳಿಗೆ ಬರೆದುಕೊಟ್ಟರು. ದಿನಕ್ಕೆರಡು ಬಾರಿ ಭಾಕರಿಯ ತುಣುಕಿನಲ್ಲಿ ಅಡಗಿಸಿ ತಿನ್ನಿಸುವ ಕೆಲಸ ನನ್ನದು. ಗಾಯವೇನೋ ಒಣಗತೊಡಗಿತು. ಆದರೆ ಒಂಬತ್ತನೆಯ ದಿನ ಹೊಟ್ಟೆಯ ಚರ್ಮ ಕೆಂಪಾಯಿತು. ಮರುದಿನ ತುಟಿಯಂಚಿನಲ್ಲಿ ಹುಣ್ಣು. ಸೋಂಕು ಹರಡಿತೆಂದು ಬಗೆದು ಮೊದಲಿಗಿಂತ ಹೆಚ್ಚು ಶ್ರದ್ಧೆಯಿಂದ ಗುಳಿಗೆ ಕೊಟ್ಟೆ. ಕರಿಯ ನನ್ನನ್ನು ನಂಬಿ ತಿಂದಿತು.

ವೈದ್ಯರು ನೋಡಿದೊಡನೆ ಕೇಳಿದ್ದು ಒಂದೇ: ಗುಳಿಗೆ ಶುರುವಾಗಿ ಎಷ್ಟು ದಿನವಾಯಿತು? ಔಷಧ ಒಗ್ಗದಿದ್ದರೆ ಕೆಲವೊಮ್ಮೆ ನಿಮಿಷಗಳಲ್ಲೇ ಮುಖ ಊದಿಕೊಂಡು ಗಂಧೆ ಏಳುತ್ತದೆ. ಸಲ್ಫಾದಂಥವು ವಾರವೋ ಎರಡು ವಾರವೋ ಕಳೆದ ಮೇಲೆ ಚರ್ಮವನ್ನು ಕೆರಳಿಸುವುದುಂಟು. ದೇಹದ ಕಾವಲು ವ್ಯವಸ್ಥೆ ಔಷಧವನ್ನೇ ಶತ್ರುವೆಂದು ತಿಳಿಯುತ್ತದೆ. ಆಗ ಮೊದಲ ಚಿಕಿತ್ಸೆಯೆಂದರೆ ಆ ಔಷಧವನ್ನು ನಿಲ್ಲಿಸುವುದು. ಮತ್ತೊಮ್ಮೆ ಕೊಟ್ಟರೆ ಇನ್ನೂ ಬೇಗ, ಇನ್ನೂ ಉಗ್ರವಾಗಿ ಮರುಕಳಿಸಬಹುದು. ಅವರು ಕರಿಯನ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಅದನ್ನು ಬರೆದರು.

ಎಂ.ಎ. ತರಗತಿಯಲ್ಲಿ, ಗ್ರೀಕಿನ 'ಫಾರ್ಮಕಾನ್' ಎಂಬ ಒಂದೇ ಪದಕ್ಕೆ ಔಷಧ, ವಿಷ ಎರಡೂ ಅರ್ಥವೆಂದು ಕಲಿತು ಬೆರಗಾಗಿದ್ದೆ. 'ಮದ್ದು ಹಾಕಿದರು' ಎಂದರೇನೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೇ ಹೊಳೆದಿರಲಿಲ್ಲ.

ಮನೆಗೆ ಮರಳುವಾಗ ಇನ್ನೊಂದು ನೆನಪಾಗಿ ಎದೆ ಧಸಕ್ಕೆಂದಿತು. ಹಿಂದಿನ ವಾರ ಕಲಬುರಗಿಯಿಂದ ಅವ್ವ ಫೋನಿನಲ್ಲಿ, "ಗುಳಿಗಿ ಬದಲಿ ಮಾಡ್ಯಾರ, ಅವಾಗಿಂದ ಮೈಯೆಲ್ಲ ತುರಸ್ತದ" ಎಂದಿದ್ದಳು. "ಈ ಬಿಸಿಲಿಗೆ ಯಾರಿಗೆ ತುರಸಂಗಿಲ್ಲವ್ವಾ? ಗುಳಿಗಿ ಬಿಡಬ್ಯಾಡ" ಎಂದು ಕಡತಕ್ಕೆ ಸಹಿ ಹಾಕುತ್ತಲೇ ಉತ್ತರಿಸಿದ್ದೆ.

ಕರಿಯನಿಗೆ ಬಾಯಿಲ್ಲ. ಅವ್ವ ಬಾಯಿಬಿಟ್ಟು ಹೇಳಿದ್ದಳು.

ಆ ರಾತ್ರಿಯೇ ಕೇಳಿದೆ: "ಆ ಗುಳಿಗಿ ಯಾವಾಗ ಶುರು ಮಾಡಿದಿ?" ತುಸು ಮೌನ. "ನಾ ಅವತ್ತೇ ಹೇಳಿದ್ನೆಲ್ಲೋ" ಎಂದಳು. ಮರುದಿನ ತಮ್ಮ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದ, ಗುಳಿಗೆ ಬದಲಾಯಿತು.

ಮೂರು ವಾರಗಳಲ್ಲಿ ಕರಿಯನ ಹೊಟ್ಟೆಯ ಹೊಪ್ಪಳೆಗಳು ಉದುರಿದವು. ಅಷ್ಟರಲ್ಲಿ ರಜೆ ಪಡೆದು, ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೋಗಿಬಂದೆ. ಅವ್ವನ ಮುಂಗೈ ಮೇಲೆ ಕೆರೆದ ಗೆರೆಗಳು ಇನ್ನೂ ಮಾಸಿರಲಿಲ್ಲ.