ಹೋಗಿ ಬಾ ಎಂದವರ ಋಣ

ನಮ್ಮ ಕಡೆಯ ಹಳ್ಳಿಗಳಲ್ಲಿ ಅರಿವಳಿಕೆ ತಜ್ಞರಿಗೆ ‘ಜ್ಞಾನ ತಪ್ಪಿಸುವ ಡಾಕ್ಟರು’ ಎಂದು ಹೆಸರು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಹೆಸರು ಮನೆಮಂದಿಗೆಲ್ಲ ನೆನಪಿರುತ್ತದೆ. ರೋಗಿಯ ತಲೆಯ ಬಳಿ ಕುಳಿತು ಆತನ ಉಸಿರನ್ನೂ ನಾಡಿಯನ್ನೂ ಕಾಯ್ದವರ ಹೆಸರನ್ನು ಕೇಳುವವರು ವಿರಳ. ಇದನ್ನು ದೂರೆಂದು ಬರೆಯುತ್ತಿಲ್ಲ. ಅರಿವಿಗೆ ಗುರುವಿನ ಸ್ಥಾನ ಕೊಟ್ಟ ಸಮಾಜದಲ್ಲಿ ಹುಟ್ಟಿ, ಆ ಅರಿವನ್ನೇ ಕೆಲಹೊತ್ತು ಮರೆಮಾಡುವ ವಿದ್ಯೆಯನ್ನು ಕಲಿಯಲು ಕಡಲಾಚೆಗೂ ಹೋಗಿ ಬಂದವನು ನಾನು. ಆ ಪ್ರಯಾಣದಿಂದ ಏನನ್ನು ತಂದೆ, ಯಾರಿಗೆ ಋಣಿಯಾದೆ ಎಂಬುದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದಷ್ಟೇ ಈ ಬರಹದ ಉದ್ದೇಶ.

ನನ್ನ ಹುಟ್ಟೂರು ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲೂಕಿನ ಮೈಲಾರ. ತುಂಗಭದ್ರೆಯ ದಡದ ಈ ಊರಿಗೆ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಲಕ್ಷಾಂತರ ಭಕ್ತರು ಬರುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಅಷ್ಟು ಜನವೂ ಮೌನವಾಗುತ್ತದೆ. ಮಳೆ ಬೆಳೆಯ ಬಗ್ಗೆ ಏನು ಕಾರಣಿಕ ಬರುವುದೋ ಎಂದು ಎಲ್ಲರ ಕಿವಿಯೂ ಆ ನುಡಿಯ ಕಡೆಗೇ ಇರುತ್ತದೆ. ನುಡಿ ಮುಗಿದೊಡನೆ ಅವರು ಮೇಲಿನಿಂದ ಬೀಳುತ್ತಾರೆ. ಕೆಳಗೆ ನಿಂತವರು ನೆಲಕ್ಕೆ ತಾಗದಂತೆ ಹಿಡಿಯುತ್ತಾರೆ. ಹಾಗೆ ಹಿಡಿಯುವವರ ಕಣ್ಣು ಮಾತ್ರ ಮೊದಲಿನಿಂದಲೂ ಆ ದೇಹವನ್ನು ಬಿಟ್ಟು ಕದಲುವುದಿಲ್ಲ. ನಮ್ಮ ಶಾಸ್ತ್ರದ ಕೆಲಸವೇನೆಂದು ಕಿರಿಯ ವೈದ್ಯರು ಕೇಳಿದಾಗ ನಾನು ಈ ಹೋಲಿಕೆಯನ್ನೇ ಕೊಡುತ್ತೇನೆ. ಜ್ಞಾನ ತಪ್ಪಿಸುವುದಕ್ಕೆ ಕೆಲವು ಕ್ಷಣಗಳು ಸಾಕು. ಕಣ್ಣು ಕದಲಿಸದೆ ಕಾಯ್ದು, ಆ ಜೀವವನ್ನು ಮರಳಿ ಮನೆಯವರಿಗೆ ಒಪ್ಪಿಸುವುದೇ ನಿಜವಾದ ಕಾಯಕ.

ಒಣಬೇಸಾಯದ ಮನೆತನ ನಮ್ಮದು. ಮಠವೊಂದರ ಪ್ರಸಾದ ನಿಲಯದಲ್ಲಿ ಉಂಡು ಓದಿದೆ; ಬಳ್ಳಾರಿಯಲ್ಲಿ ವೈದ್ಯ ಪದವಿ ಮುಗಿಸಿ ಅರಿವಳಿಕೆಯಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದೆ. 2012ರಲ್ಲಿ ಇಂಗ್ಲೆಂಡಿಗೆ ಹೋಗುವ ಅವಕಾಶ ಒದಗಿತು. ಅಲ್ಲಿಯ ಸರ್ಕಾರ 2009ರಲ್ಲಿ ಆರಂಭಿಸಿದ ‘ಮೆಡಿಕಲ್ ಟ್ರೈನಿಂಗ್ ಇನಿಷಿಯೇಟಿವ್’ ಎಂಬ ಯೋಜನೆಯಡಿ ಹೊರದೇಶಗಳ ವೈದ್ಯರು ಹೆಚ್ಚೆಂದರೆ 24 ತಿಂಗಳು ಅಲ್ಲಿಯ ಆಸ್ಪತ್ರೆಗಳಲ್ಲಿ ದುಡಿಯುತ್ತ ತರಬೇತಿ ಪಡೆಯಬಹುದು. ಕಲಿತದ್ದನ್ನು ಹೊತ್ತು ಸ್ವದೇಶಕ್ಕೆ ಮರಳಬೇಕೆಂಬುದು ಆ ಯೋಜನೆಯ ಆಶಯ. ಅವರಿಗೆ ನಮ್ಮ ದುಡಿಮೆ, ನಮಗೆ ಅವರ ವಿದ್ಯೆ: ಇದೊಂದು ವಿನಿಮಯ.

ಮನೆಯಲ್ಲಿ ಈ ವಿಷಯ ತೆಗೆದಾಗ ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಹೋದವರು ಬರುವುದಿಲ್ಲವೆಂಬ ಅಂಜಿಕೆ ಅವರಿಗಿತ್ತು. ಅದು ಆಧಾರವಿಲ್ಲದ ಅಂಜಿಕೆಯೂ ಆಗಿರಲಿಲ್ಲ. ಹೊರನಾಡಿಗೆ ಹೋದ ಮಕ್ಕಳ ದಾರಿ ಕಾಯುತ್ತ ಮುಪ್ಪಾದ ತಂದೆತಾಯಿಗಳು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಕೊನೆಗೆ ಅವ್ವ ಹೇಳಿದಳು: “ನಮ್ಮ ಕಡೆ ಯಾರಿಗೂ ‘ಹೋಗು’ ಅನ್ನಂಗಿಲ್ಲ, ‘ಹೋಗಿ ಬಾ’ ಅಂತೀವಿ. ನಾನೂ ಹಂಗ ಅಂತೀನಿ. ಆ ‘ಬಾ’ ಅನ್ನೋದನ್ನ ಮರೀಬ್ಯಾಡಪ್ಪ.” ಅಪ್ಪ ತಲೆಯಾಡಿಸಿದರು. ನಾನು ಹೊರಟೆ.

ಅರಿವಳಿಕೆ ಶಾಸ್ತ್ರದ ಇತಿಹಾಸವನ್ನು ಓದುವಾಗಲೆಲ್ಲ ಅವ್ವನ ಈ ಮಾತಿಗೆ ಸಾಕ್ಷಿಗಳು ದೊರೆಯುತ್ತವೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಅವರು ಈಥರ್ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಎಲ್ಲರೆದುರು ತೋರಿಸಿದರು. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಅವರು ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತವೆಂಬುದನ್ನು ಪರೀಕ್ಷಿಸಲು 1888 ಮತ್ತು 1889ರಲ್ಲಿ ಎರಡು ಆಯೋಗಗಳು ನಡೆದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಅಲ್ಲಿಯೇ ವೈದ್ಯ ವಿದ್ಯೆ ಕಲಿತ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆ, ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಒಬ್ಬರೆಂದು ಹೆಸರಾದವರು. ಆಕೆ 1909ರಲ್ಲಿ ಹೆಚ್ಚಿನ ಅಧ್ಯಯನಕ್ಕೆಂದು ಎಡಿನ್‌ಬರೋಗೆ ಹೋದರು. ಹೋದವರು ಮರಳಿ ಬಂದು ಹೈದರಾಬಾದಿನ ರೋಗಿಗಳ ಸೇವೆಯನ್ನೇ ಮುಂದುವರಿಸಿದರು.

ಡೆನ್ಮಾರ್ಕಿನ ಬ್ಯೋರ್ನ್ ಇಬ್ಸೆನ್ ಅವರ ಕಥೆ ಇನ್ನೂ ಮನಮುಟ್ಟುವಂಥದು. ಅವರು 1949-50ರಲ್ಲಿ ಬಾಸ್ಟನ್ನಿಗೆ ಹೋಗಿ ಅರಿವಳಿಕೆ ಕಲಿತು ಊರಿಗೆ ಹಿಂದಿರುಗಿದರು. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಉಲ್ಬಣಿಸಿತು. ಉಸಿರಾಟ ಕುಂದಿದ ಮೊದಲ 31 ರೋಗಿಗಳಲ್ಲಿ 27 ಮಂದಿ ಮೂರೇ ದಿನಗಳೊಳಗೆ ತೀರಿಕೊಂಡಿದ್ದರು. ಆಗ ಇಬ್ಸೆನ್ ಅವರು ಶಸ್ತ್ರಚಿಕಿತ್ಸಾ ಕೊಠಡಿಯ ವಿದ್ಯೆಯನ್ನು ವಾರ್ಡಿಗೆ ತಂದರು. ರೋಗಿಯ ಕುತ್ತಿಗೆಯಲ್ಲಿ ರಂಧ್ರ ಮಾಡಿ, ಶ್ವಾಸನಾಳಕ್ಕೆ ಕೊಳವೆ ಇರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ನೀಡಿದರು. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ಚೀಲ ಒತ್ತಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಇಂದಿನ ತೀವ್ರ ನಿಗಾ ಘಟಕಗಳ ಮೂಲ ಅಲ್ಲಿದೆ. 2020 ಮತ್ತು 2021ರ ಕೊರೊನಾ ಕಾಲದಲ್ಲಿ ನಮ್ಮ ಜಿಲ್ಲೆಗಳ ವೆಂಟಿಲೇಟರುಗಳ ಪಕ್ಕದಲ್ಲಿ ನಿಂತಾಗ, ಬಾಸ್ಟನ್ನಿನಿಂದ ಊರಿಗೆ ಮರಳಿದ ಆ ಒಬ್ಬ ವೈದ್ಯರ ಋಣ ನಮ್ಮ ಮೇಲೂ ಇದೆಯೆಂದು ನನಗನ್ನಿಸುತ್ತಿತ್ತು.

ಇಂಗ್ಲೆಂಡಿನ ಉತ್ತರ ಭಾಗದ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ನನಗೆ ಕೆಲಸ. ಚಳಿಗಾಲದಲ್ಲಿ ಲಿಂಗಪೂಜೆ ಮುಗಿಸಿ ಕತ್ತಲಲ್ಲಿ ಹೊರಟರೆ ಮರಳುವುದೂ ಕತ್ತಲಲ್ಲೇ. ಅಲ್ಲಿ ಬಳಸುತ್ತಿದ್ದ ಔಷಧಿಗಳಲ್ಲಿ ಹೆಚ್ಚಿನವು ನನಗೆ ಪರಿಚಿತವೇ. ಯಂತ್ರಗಳು ಹೊಸವಾದರೂ ಕಲಿಯಲು ಕಷ್ಟವಾಗಲಿಲ್ಲ. ನನಗೆ ಹೊಸದೆನಿಸಿದ್ದು ಅಲ್ಲಿಯ ಶಿಸ್ತು. ಪ್ರತಿದಿನ ಮೊದಲ ರೋಗಿ ಬರುವ ಮುನ್ನ ಯಂತ್ರದ ಪ್ರತಿ ಭಾಗವನ್ನೂ ಪರೀಕ್ಷಿಸಿ ಬರೆದಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸುರಕ್ಷತಾ ಪಟ್ಟಿಯನ್ನು ಮೂರು ಸಲ ಗಟ್ಟಿಯಾಗಿ ಓದಬೇಕು: ಅರಿವಳಿಕೆ ಕೊಡುವ ಮೊದಲು, ಚರ್ಮಕ್ಕೆ ಶಸ್ತ್ರ ತಾಗಿಸುವ ಮೊದಲು, ರೋಗಿ ಕೊಠಡಿಯಿಂದ ಹೊರಡುವ ಮೊದಲು. ರೋಗಿಯ ಹೆಸರೇನು, ಯಾವ ಕಡೆಯ ಕಾಲು, ಯಾವ ಔಷಧಿ ಒಗ್ಗುವುದಿಲ್ಲ ಎಂಬಂಥ ಸರಳ ಪ್ರಶ್ನೆಗಳು. ಉತ್ತರ ಸರಿಯಾಗದಿದ್ದರೆ ಕಿರಿಯ ದಾದಿಯೂ ಹಿರಿಯ ಶಸ್ತ್ರವೈದ್ಯರನ್ನು ತಡೆಯಬಹುದು. ಅದಕ್ಕೆ ಯಾರೂ ಸಿಟ್ಟಾಗುವುದಿಲ್ಲ. ಜಗತ್ತಿನ ಎಂಟು ನಗರಗಳ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಹೊರಬಂತು. ಈ ಪಟ್ಟಿಯನ್ನು ಪಾಲಿಸಿದ ಮೇಲೆ ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿದಿತ್ತು. ಆ ಎಂಟರಲ್ಲಿ ನಮ್ಮ ದೆಹಲಿಯೂ ಒಂದು. ಒಂದು ಹಾಳೆ ಕಾಗದ ಇಷ್ಟು ಮಾಡಬಲ್ಲದು!

ಕೊಡುವ ಭಾಗವೂ ಇತ್ತು. ಕೀಟನಾಶಕ ಸೇವಿಸಿದ ರೋಗಿಗಳನ್ನು ಅಲ್ಲಿಯ ಕಿರಿಯ ವೈದ್ಯರು ಪುಸ್ತಕದಲ್ಲಿ ಮಾತ್ರ ಕಂಡಿದ್ದರು. ನಮ್ಮ ಸೀಮೆಯಲ್ಲಿ ಅದು ಮನೆಮನೆಯ ದುಃಖ. ಅಟ್ರೋಪಿನ್ ಕೊಡುವಾಗ ಕಣ್ಣಿನ ಪಾಪೆಯನ್ನಷ್ಟೇ ನೋಡದೆ, ಎದೆಗೂಡಿನ ದ್ರವ ಆರುವವರೆಗೂ ಹೇಗೆ ಪ್ರಮಾಣ ಏರಿಸಬೇಕೆಂದು ಅವರಿಗೆ ವಿವರಿಸಿದಾಗ ಗಮನವಿಟ್ಟು ಕೇಳಿದರು. ಬಡ ನಾಡಿನವರು ಬರಿಗೈಯಲ್ಲಿ ಹೋಗುವುದಿಲ್ಲವೆಂದು ನನಗೆ ಅಂದು ತಿಳಿಯಿತು.

2013ರ ಒಂದು ದಿನ, ಸೊಂಟದ ಮೂಳೆ ಮುರಿದ ಎಂಬತ್ತು ದಾಟಿದ ಇಂಗ್ಲಿಷ್ ರೈತರೊಬ್ಬರಿಗೆ ಬೆನ್ನಿನ ಅರಿವಳಿಕೆ ಕೊಟ್ಟು ಪಕ್ಕದಲ್ಲಿ ಕುಳಿತಿದ್ದೆ. ಅವರು ಎಚ್ಚರವಾಗಿದ್ದರು, ತಮ್ಮ ಕುರಿಗಳ ಬಗ್ಗೆ ಮಾತನಾಡುತ್ತಿದ್ದರು. ಕೆಲಸ ಮುಗಿಸಿ ಹೊರಬಂದಾಗ ಊರಿನಿಂದ ಕರೆ ಬಂದಿರುವುದು ಕಂಡಿತು. ಅಪ್ಪ ಕಣದಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆಯೂ ಮುರಿದಿತ್ತು. ತಮ್ಮ ಅವರನ್ನು ದಾವಣಗೆರೆಗೆ ಕರೆದೊಯ್ದಿದ್ದ. ಇಂಥ ಮುರಿತಕ್ಕೆ ಹೆಚ್ಚು ತಡಮಾಡದೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದೆಂದು ನಾನು ಬಲ್ಲೆ. ನಾನು ವಿಮಾನ ಹತ್ತಿ ಬರುವವರೆಗೆ ಕಾಯಿಸುವುದು ಮಗನ ಸಮಾಧಾನಕ್ಕೇ ಹೊರತು ತಂದೆಯ ಹಿತಕ್ಕಲ್ಲ. “ನನಗಾಗಿ ಕಾಯಬೇಡ, ಮಾಡಿಸು” ಎಂದು ತಮ್ಮನಿಗೆ ಹೇಳಿ ಮುಗಿಸುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

ಅಂದು ರಾತ್ರಿ ನಾನು ನಿದ್ರಿಸಲಿಲ್ಲ. ಅಲ್ಲಿಯ ಅರಿವಳಿಕೆ ವೈದ್ಯರು ನನಗೆ ಪರಿಚಯದವರಲ್ಲ. ಆದರೂ ಕೊಠಡಿಗೆ ಹೋಗುವ ಮೊದಲು ಫೋನಿನಲ್ಲಿ ಅಪ್ಪನ ಹೃದಯದ ಸ್ಥಿತಿ, ರಕ್ತದೊತ್ತಡ, ತಾವು ಮಾಡಲಿರುವ ವಿಧಾನ ಎಲ್ಲವನ್ನೂ ಸಹನೆಯಿಂದ ತಿಳಿಸಿದರು. ಎರಡು ದಿನಗಳ ನಂತರ ಅಪ್ಪ ಮಾತನಾಡಿದರು. “ಆ ಡಾಕ್ಟರು ಪೂರಾ ಹೊತ್ತು ನನ್ನ ತಲೀ ಕಡೆನ ಕುಂತಿದ್ರಪ್ಪ. ನೀನೂ ಅಲ್ಲಿ ಹಿಂಗ ಕುಂದ್ರತೀಯೇನು?” ಎಂದರು. “ಹೌದಪ್ಪ, ಹಿಂಗ ಕುಂದ್ರತೀನಿ” ಎಂದೆ. ನನ್ನ ವೃತ್ತಿಯನ್ನು ಅಪ್ಪ ಅರ್ಥಮಾಡಿಕೊಂಡದ್ದು ಆ ದಿನ. ವಿನಿಮಯ ಎಂಬ ಮಾತಿನ ಅರ್ಥ ನನಗೆ ಹೊಳೆದದ್ದೂ ಅಂದೇ. ನಾನು ಯಾರದೋ ತಂದೆಯ ಉಸಿರನ್ನು ಕಾಯುತ್ತಿದ್ದರೆ, ಯಾರದೋ ಮಗ ನನ್ನ ತಂದೆಯ ಉಸಿರನ್ನು ಕಾಯುತ್ತಿದ್ದ.

ಅವಧಿ ಮುಗಿದಾಗ ಬೇರೆ ದಾರಿ ಹುಡುಕಿ ಅಲ್ಲಿಯೇ ಉಳಿದ ಗೆಳೆಯರಿದ್ದಾರೆ. ಅವರವರ ಸಂಸಾರದ ಕಷ್ಟ ಅವರವರಿಗೆ ಗೊತ್ತು. ಅವರನ್ನು ನಾನು ಹಳಿಯುವುದಿಲ್ಲ. ನಾನು 2014ರಲ್ಲಿ ಮರಳಿದೆ. ಈಗ ಹೊಸಪೇಟೆಯಲ್ಲಿ ನೆಲೆಸಿ, ಕರೆ ಬಂದಾಗ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಗೂ ಹೋಗುತ್ತೇನೆ. ಅಲ್ಲಿದ್ದ ಎಲ್ಲ ಯಂತ್ರಗಳನ್ನು ತರಲಾಗಲಿಲ್ಲ. ಆ ಪಟ್ಟಿಯನ್ನು ಕನ್ನಡಕ್ಕೆ ಮಾಡಿ ಗೋಡೆಗೆ ಅಂಟಿಸಲು ಖರ್ಚೇನೂ ಆಗಲಿಲ್ಲ. ಹೆರಿಗೆ ಕಷ್ಟವಾಗಿ ನಡುರಾತ್ರಿ ಬರುವ ತಾಯಿಗೆ ಶಸ್ತ್ರವೈದ್ಯರಿದ್ದರಷ್ಟೇ ಸಾಲದು, ಉಸಿರು ಕಾಯುವವರೂ ಬೇಕು. ಅಂಥವರು ತಾಲೂಕು ಮಟ್ಟದಲ್ಲಿ ಇಲ್ಲದಿದ್ದರೆ ಆಂಬುಲೆನ್ಸಿನಲ್ಲೇ ಎರಡು ಜೀವಗಳ ಹಣೆಬರಹ ನಿರ್ಧಾರವಾಗುತ್ತದೆ.

ಗೃಹಸ್ಥ ಬಂಧುಗಳಲ್ಲಿ ಕೆಲವು ವಿನಂತಿಗಳಿವೆ. ಶಸ್ತ್ರಚಿಕಿತ್ಸೆಗೆ ಮುನ್ನ 6 ಗಂಟೆ ಊಟ, ಹಾಲು, ಗಂಜಿ ಯಾವುದೂ ಕೂಡದು. ತಿಳಿನೀರನ್ನು ವೈದ್ಯರು ಒಪ್ಪಿದರೆ 2 ಗಂಟೆ ಮೊದಲಿನವರೆಗೆ ಕುಡಿಯಬಹುದು. ‘ಹಸಿದಾನ’ ಎಂದು ಮರುಗಿ ಮರೆಯಲ್ಲಿ ಕುಡಿಸುವ ಒಂದು ಲೋಟ ಹಾಲು, ಜ್ಞಾನ ತಪ್ಪಿದಾಗ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಎರವಾದೀತು. ತಂಬಾಕು, ಮದ್ಯ, ದಿನನಿತ್ಯದ ಮಾತ್ರೆಗಳು, ಹಿಂದೆ ಅರಿವಳಿಕೆಯಿಂದ ಆದ ತೊಂದರೆ ಯಾವುದನ್ನೂ ಮುಚ್ಚಿಡಬೇಡಿರಿ. ಬೆನ್ನಿಗೆ ಕೊಡುವ ಚುಚ್ಚುಮದ್ದಿನಿಂದ ಜೀವನಪೂರ್ತಿ ಬೆನ್ನುನೋವು ಬರುತ್ತದೆಂಬುದನ್ನು ಅಧ್ಯಯನಗಳು ಸಮರ್ಥಿಸಿಲ್ಲ.

ನಮ್ಮವರಲ್ಲಿ ಮತ್ತೊಂದು ಸಂಕೋಚವುಂಟು: ಕೊರಳಿನ ಕರಡಿಗೆಯನ್ನು ತೆಗೆಯಬೇಕೆಂದಾಗ ಹಿರಿಯರು ಕಂಗೆಡುತ್ತಾರೆ. ವಿದ್ಯುತ್ ಉಪಕರಣ ಬಳಸುವಾಗ ಮೈಮೇಲೆ ಬೆಳ್ಳಿಯಂಥ ಲೋಹ ಇರಬಾರದೆಂಬುದು ಇದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ಬೆರಳಿನಿಂದ ಬಾರದ ಮದುವೆಯುಂಗುರವನ್ನು ದಾದಿಯರು ಒರಟಾಗಿ ಕೀಳದೆ, ಮೇಲೆ ಪಟ್ಟಿ ಸುತ್ತಿ ಜೋಪಾನ ಮಾಡುತ್ತಿದ್ದುದನ್ನು ಕಂಡಿದ್ದೆ. ಮೊದಲೇ ತಿಳಿಸಿದರೆ ನಾವೂ ಕರಡಿಗೆಯನ್ನು ಮನೆಯವರ ಕೈಗಿತ್ತು, ಇಷ್ಟಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿಡುವಂಥ ಏರ್ಪಾಡನ್ನು ಮಾತಾಡಿಕೊಂಡು ಮಾಡಬಹುದು. ಮನಸ್ಸು ನೆಮ್ಮದಿಯಾದ ರೋಗಿಯನ್ನು ಕಾಯುವುದು ಎಷ್ಟೋ ಸುಲಭ.

ಹೊರನಾಡಿಗೆ ಹೋಗಬಯಸುವ ನಮ್ಮ ತರುಣ ವೈದ್ಯರು ಅವಶ್ಯವಾಗಿ ಹೋಗಲಿ. ವಿದ್ಯೆಗೆ ಗಡಿಯಿಲ್ಲ. ಅವರ ಬುತ್ತಿಯನ್ನು ಕಟ್ಟಿದವರು ಮನೆಯವರಷ್ಟೇ ಅಲ್ಲ. ಪ್ರಸಾದ ನಿಲಯಕ್ಕೆ ಜೋಳ ಕಳಿಸಿದ ರೈತರು, ಸರ್ಕಾರಿ ಕಾಲೇಜಿಗೆ ತೆರಿಗೆ ಕೊಟ್ಟ ಜನ, ಕಲಿಯುವ ಕೈಗೆ ತಮ್ಮ ದೇಹವನ್ನು ನಂಬಿ ಒಪ್ಪಿಸಿದ ಬಡರೋಗಿಗಳು ಎಲ್ಲರೂ ಅದರಲ್ಲಿ ಪಾಲುದಾರರು. ಮರಳಿ ನೆಲೆಸಲಾಗದಿದ್ದರೆ ವರ್ಷಕ್ಕೊಂದು ತಿಂಗಳಾದರೂ ಬಂದು ಇಲ್ಲಿಯ ಕಿರಿಯರಿಗೆ ಕಲಿಸಲಿ. ಬಂದವರಿಗೆ ದುಡಿಯಲು ಒಂದು ಸುಸಜ್ಜಿತ ಕೊಠಡಿಯನ್ನೂ ಜೊತೆಗೊಬ್ಬ ಸಹಾಯಕರನ್ನೂ ಒದಗಿಸುವ ಹೊಣೆ ಸಮಾಜದ ಹಿರಿಯರ ಮೇಲಿದೆ. ಆ ಸಿದ್ಧತೆಯಿಲ್ಲದೆ ‘ಬಾ’ ಎಂದು ಕರೆದರೆ ಅದು ಬರಿಯ ಉಪಚಾರದ ಮಾತಾದೀತು. ಇಷ್ಟನ್ನು ಉಭಯತರೂ ಮನಗಾಣಲೆಂಬುದೇ ನನ್ನ ವಿನಮ್ರ ಪ್ರಾರ್ಥನೆ.